ಬೆಟ್ಟದ ದಾರಿಯ ವಾಹನ: ಕಮಾನು ಪಟ್ಟಿ ಹಾಗೂ ಸ್ಟಿಯರಿಂಗ್‌ಗಳ ಮಾರ್ಪಾಡಿನ ವಿಚಾರ



ಮಲೆನಾಡಿನಲ್ಲಿ ಮನೆಯಿಂದ ಮನೆಗೆ ದೂರ. ಮನೆಯಂಗಳದಿಂದ ಟಾರು ರಸ್ತೆಗೆ ಒಂದು ಮೈಲಿಯೋ ಎರಡು ಮೈಲಿಯೋ ಮಣ್ಣಿನ ದಾರಿ. ಆ ದಾರಿಯಲ್ಲಿ ಒಂದು ಹಳ್ಳ, ಒಂದು ಕಡಿದಾದ ಏರು, ಧರೆಯ ಪಕ್ಕದಲ್ಲಿ ಒಂದು ಇಕ್ಕಟ್ಟಾದ ತಿರುವು ಇದ್ದೇ ಇರುತ್ತವೆ. ಗೊಬ್ಬರ ಬರುವುದು, ಅಡಿಕೆ ಕಾಫಿ ಹೋಗುವುದು, ಕೂಲಿಯಾಳುಗಳು ಬರುವುದು, ಹೆರಿಗೆಯ ಹೆಂಗಸನ್ನು ಆಸ್ಪತ್ರೆಗೆ ಸಾಗಿಸುವುದು ಎಲ್ಲವೂ ಆ ದಾರಿಯಲ್ಲೇ. ಆದುದರಿಂದ ಜೀಪು ಅಥವಾ ಪಿಕಪ್ ಎಂಬುದು ಇಲ್ಲಿ ಶೋಕಿಯ ವಸ್ತುವಲ್ಲ; ಕತ್ತಿ ಗುದ್ದಲಿಗಳಂತೆ ಅದೂ ಒಂದು ಉಪಕರಣ. ಇತ್ತೀಚಿನ ವರ್ಷಗಳಲ್ಲಿ ಈ ಉಪಕರಣವನ್ನು ಎತ್ತರಿಸುವ, ದೊಡ್ಡ ಚಕ್ರ ತೊಡಿಸುವ, ಸ್ಟಿಯರಿಂಗ್ ಬದಲಿಸುವ ಪ್ರವೃತ್ತಿ ಊರೂರಿನ ಗ್ಯಾರೇಜುಗಳಲ್ಲಿ ಕಾಣುತ್ತಿದೆ. ಕೆಲವರಿಗೆ ಅದು ಅಗತ್ಯ, ಕೆಲವರಿಗೆ ಪ್ರವಾಸಿಗರನ್ನು ಬೆಟ್ಟದ ತುದಿಗೆ ಒಯ್ಯುವ ವ್ಯಾಪಾರ, ಇನ್ನು ಕೆಲವರಿಗೆ ಹವ್ಯಾಸ. ಉದ್ದೇಶ ಯಾವುದೇ ಇರಲಿ, ಒಂದು ಭಾಗವನ್ನು ಬದಲಿಸಿದಾಗ ಉಳಿದ ಭಾಗಗಳಿಗೆ ಏನಾಗುತ್ತದೆ ಎಂಬುದನ್ನು ತಿಳಿಯದೆ ಮಾಡಿದ ಕೆಲಸ ಪ್ರಾಣಕ್ಕೆ ಎರವಾಗಬಹುದು. ಈ ಉಪನ್ಯಾಸದ ವಿಷಯ ಅದೇ.

ಕಮಾನು ಪಟ್ಟಿಯ ಕೆಲಸ

ಹಳೆಯ ವಿಲ್ಲೀಸ್ ಜೀಪಿನಿಂದ ಹಿಡಿದು ಮಹೀಂದ್ರ ಎಂಎಂ 540, 1985ರಲ್ಲಿ ಬಂದ ಮಾರುತಿ ಜಿಪ್ಸಿಯವರೆಗೆ ಬೆಟ್ಟದ ವಾಹನಗಳ ರಚನೆ ಹೆಚ್ಚುಕಡಿಮೆ ಒಂದೇ. ಮುಂದೊಂದು, ಹಿಂದೊಂದು ಗಟ್ಟಿ ಆಕ್ಸಲ್; ಪ್ರತಿ ಆಕ್ಸಲ್‌ಗೆ ಎರಡು ಕಡೆ ಕಮಾನು ಪಟ್ಟಿಯ ಕಟ್ಟು. ಕಟ್ಟಿನ ಒಂದು ತುದಿ ಚಾಸಿಗೆ ನೇರವಾಗಿ ಬೋಲ್ಟಿನಿಂದ ಸೇರಿರುತ್ತದೆ, ಇನ್ನೊಂದು ತುದಿ ಶ್ಯಾಕಲ್ ಎಂಬ ತೂಗುವ ಕೊಂಡಿಯ ಮೂಲಕ ಸೇರಿರುತ್ತದೆ. ಪಟ್ಟಿ ಒತ್ತಿದಾಗ ಚಪ್ಪಟೆಯಾಗಿ ಉದ್ದವಾಗುತ್ತದೆ. ಆ ಉದ್ದಕ್ಕೆ ಜಾಗ ಕೊಡುವುದೇ ಶ್ಯಾಕಲ್‌ನ ಕೆಲಸ. ಈ ಕಟ್ಟು ಭಾರವನ್ನು ಹೊರುವುದಲ್ಲದೆ ಆಕ್ಸಲ್ ಹಿಂದುಮುಂದಾಗದಂತೆ, ಅಡ್ಡಕ್ಕೆ ಸರಿಯದಂತೆ, ತಿರುಚಿಕೊಳ್ಳದಂತೆ ಹಿಡಿದಿಡುವ ಕೆಲಸವನ್ನೂ ಮಾಡುತ್ತದೆ. ಒಂದೇ ಉಕ್ಕಿನ ಕಟ್ಟಿಗೆ ಇಷ್ಟೆಲ್ಲ ಹೊಣೆ ಇರುವುದರಿಂದಲೇ ಅದನ್ನು ಮುಟ್ಟುವಾಗ ಎಚ್ಚರ ಬೇಕು.

ವಿದ್ಯಾರ್ಥಿಗಳು ನೆನಪಿಡಬೇಕಾದ ಒಂದು ಲೆಕ್ಕವಿದೆ. ಪಟ್ಟಿಯ ಬಿಗುವು ಅದರ ದಪ್ಪದ ಘನಕ್ಕೆ ನೇರವಾಗಿಯೂ, ಉದ್ದದ ಘನಕ್ಕೆ ವಿಲೋಮವಾಗಿಯೂ ಇರುತ್ತದೆ. ದಪ್ಪ ನೂರಕ್ಕೆ 10ರಷ್ಟು ಹೆಚ್ಚಾದರೆ ಬಿಗುವು ನೂರಕ್ಕೆ 33ರಷ್ಟು ಏರುತ್ತದೆ. ಉದ್ದ ನೂರಕ್ಕೆ 10ರಷ್ಟು ಹೆಚ್ಚಾದರೆ ಬಿಗುವು ಸುಮಾರು ಕಾಲುಭಾಗ ಇಳಿಯುತ್ತದೆ. ಉದ್ದನೆಯ, ತೆಳುವಾದ ಪಟ್ಟಿಗಳ ಕಟ್ಟು ಮೃದುವಾಗಿ ಬಾಗುವುದೂ, ಗಿಡ್ಡನೆಯ ದಪ್ಪ ಪಟ್ಟಿ ಕಲ್ಲಿನಂತೆ ಇರುವುದೂ ಇದೇ ಕಾರಣಕ್ಕೆ.

ಮಲೆನಾಡಿನ ಗ್ಯಾರೇಜುಗಳಲ್ಲಿ ಅತಿ ಹೆಚ್ಚು ನಡೆಯುವ ಮಾರ್ಪಾಡು ಯಾವುದೆಂದರೆ ಹಿಂದಿನ ಕಟ್ಟಿಗೆ ಒಂದೋ ಎರಡೋ ಪಟ್ಟಿ ಸೇರಿಸುವುದು. ಲೋಡು ತುಂಬಿದಾಗ ಗಾಡಿ ಕುಗ್ಗಬಾರದು ಎಂಬುದು ಅದರ ಹಿಂದಿನ ಯೋಚನೆ. ಗಾಡಿ ಕುಗ್ಗುವುದಿಲ್ಲ, ನಿಜ. ಆದರೆ ಬ್ರೇಕು, ಟೈರು, ಹಬ್ಬಿನ ಬೇರಿಂಗು, ಸ್ಟಿಯರಿಂಗು ಇವು ಯಾವುವೂ ಹೊಸ ಭಾರಕ್ಕೆ ಬಲಗೊಂಡಿರುವುದಿಲ್ಲ. ಕುಗ್ಗುವಿಕೆ ಎಂಬುದು ಭಾರ ಮಿತಿಮೀರಿತು ಎಂದು ಗಾಡಿ ಕೊಡುತ್ತಿದ್ದ ಸೂಚನೆ. ಪಟ್ಟಿ ಸೇರಿಸಿದವರು ಆ ಸೂಚನೆಯನ್ನಷ್ಟೇ ಅಳಿಸಿರುತ್ತಾರೆ. ಮೇಲಾಗಿ ಖಾಲಿ ಗಾಡಿ ಗೊರಕಲು ದಾರಿಯಲ್ಲಿ ಬರುವಾಗ ಬಿಗಿಯಾದ ಹಿಂದಿನ ಚಕ್ರಗಳು ನೆಲ ಹಿಡಿಯದೆ ಕುಪ್ಪಳಿಸುತ್ತವೆ. ಇಳಿಜಾರಿನ ತಿರುವಿನಲ್ಲಿ ಬ್ರೇಕು ಒತ್ತಿದಾಗ ನೆಲದಿಂದ ಎದ್ದಿರುವ ಚಕ್ರಕ್ಕೆ ಗಾಡಿಯನ್ನು ನಿಲ್ಲಿಸುವ ಶಕ್ತಿಯಿಲ್ಲ. ಇನ್ನು ತೊಟ್ಟಿಯ ಹಿಂಬದಿಗೆ ಅತಿಯಾಗಿ ಹೇರಿ ಏರು ಹತ್ತುವಾಗ ಮುಂದಿನ ಚಕ್ರಗಳು ಹಗುರಾಗಿ, ಸ್ಟಿಯರಿಂಗ್ ತಿರುಗಿಸಿದರೂ ಗಾಡಿ ತಿರುಗದಿರುವ ಅಪಾಯವೂ ಉಂಟು.

ಎತ್ತರಿಸುವ ಮೂರು ದಾರಿಗಳು

ವಾಹನವನ್ನು ಎತ್ತರಿಸುವುದಕ್ಕೆ ಮುಂಚೆ ಒಂದು ತಪ್ಪು ತಿಳಿವಳಿಕೆಯನ್ನು ನಿವಾರಿಸಿಕೊಳ್ಳಬೇಕು. ಗಟ್ಟಿ ಆಕ್ಸಲ್‌ನ ಗಾಡಿಯಲ್ಲಿ ನೆಲಕ್ಕೆ ಅತಿ ಹತ್ತಿರವಿರುವ ಭಾಗ ಡಿಫರೆನ್ಷಿಯಲ್‌ನ ಗುಂಡಾದ ಉಬ್ಬು. ಕಮಾನು ಪಟ್ಟಿಯನ್ನು ಎಷ್ಟು ಎತ್ತರಿಸಿದರೂ ಆ ಉಬ್ಬು ಒಂದು ಕೂದಲೆಳೆಯಷ್ಟೂ ಮೇಲೇರುವುದಿಲ್ಲ. ಏಕೆಂದರೆ ಅದು ಚಕ್ರಗಳ ನಡುವಿನ ಆಕ್ಸಲ್‌ನಲ್ಲೇ ಇದೆ. ಮೇಲೇರುವುದು ಚಾಸಿ ಮತ್ತು ಬಾಡಿ ಮಾತ್ರ. ಡಿಫರೆನ್ಷಿಯಲ್ ಮೇಲೇರಬೇಕಾದರೆ ಟೈರೇ ದೊಡ್ಡದಾಗಬೇಕು. ಅದೂ ಟೈರಿನ ವ್ಯಾಸದ ಹೆಚ್ಚಳದ ಅರ್ಧದಷ್ಟು ಮಾತ್ರ. 28 ಅಂಗುಲದ ಟೈರಿನ ಬದಲು 31 ಅಂಗುಲದ್ದು ಹಾಕಿದರೆ ದೊರೆಯುವ ಲಾಭ ಒಂದೂವರೆ ಅಂಗುಲ. ಹಾಗಾದರೆ ಪಟ್ಟಿಯನ್ನು ಎತ್ತರಿಸುವುದೇಕೆ? ದೊಡ್ಡ ಟೈರು ಮಡ್‌ಗಾರ್ಡಿಗೆ ತಾಗದಿರಲೆಂದು, ಮತ್ತು ಕಡಿದಾದ ಏರಿನ ಬುಡದಲ್ಲಿ ಬಂಪರು, ದಿಬ್ಬದ ನೆತ್ತಿಯಲ್ಲಿ ಹೊಟ್ಟೆ ನೆಲಕ್ಕೆ ತಗಲದಿರಲೆಂದು. ಇಷ್ಟನ್ನು ತಿಳಿದರೆ ಎಷ್ಟು ಎತ್ತರ ಬೇಕು ಎಂಬ ಪ್ರಶ್ನೆಗೆ ಉತ್ತರ ತಾನಾಗಿ ಚಿಕ್ಕದಾಗುತ್ತದೆ.

ಮೊದಲನೆಯ ದಾರಿ ಶ್ಯಾಕಲ್ ಉದ್ದ ಮಾಡುವುದು. ಇದು ಅಗ್ಗ, ಎರಡು ಗಂಟೆಯ ಕೆಲಸ. ಪಟ್ಟಿಯ ಒಂದು ತುದಿಯನ್ನು ಮಾತ್ರ ಇಳಿಸುವುದರಿಂದ, ಶ್ಯಾಕಲ್ ಎರಡು ಅಂಗುಲ ಉದ್ದವಾದರೆ ಗಾಡಿ ಏರುವುದು ಸುಮಾರು ಒಂದೇ ಅಂಗುಲ. ಆದರೆ ಒಂದು ತುದಿ ಇಳಿದಾಗ ಆಕ್ಸಲ್ ಸ್ವಲ್ಪ ತಿರುಗುತ್ತದೆ. ಮುಂದಿನ ಆಕ್ಸಲ್ ತಿರುಗಿದರೆ ಕಿಂಗ್‌ಪಿನ್‌ನ ಓರೆ ಬದಲಾಗುತ್ತದೆ. ಕಿಂಗ್‌ಪಿನ್‌ನ ಮೇಲ್ತುದಿ ಹಿಂದಕ್ಕೆ ವಾಲಿರುವುದರಿಂದಲೇ ತಿರುವಿನ ನಂತರ ಸ್ಟಿಯರಿಂಗ್ ತಾನಾಗಿ ನೇರಕ್ಕೆ ಬರುತ್ತದೆ; ಇದಕ್ಕೆ ಕ್ಯಾಸ್ಟರ್ ಎಂದು ಹೆಸರು. ವಿಲ್ಲೀಸ್ ಮಾದರಿಯಂತೆ ಶ್ಯಾಕಲ್ ಪಟ್ಟಿಯ ಮುಂತುದಿಯಲ್ಲಿದ್ದರೆ, ಅದನ್ನು ಉದ್ದ ಮಾಡಿದಾಗ ಈ ಓರೆ ಕಡಿಮೆಯಾಗಿ ಗಾಡಿ ಟಾರು ರಸ್ತೆಯಲ್ಲಿ ಅಲೆದಾಡತೊಡಗುತ್ತದೆ. ಶ್ಯಾಕಲ್ ಹಿಂತುದಿಯಲ್ಲಿದ್ದರೆ ಓರೆ ಹೆಚ್ಚಾಗುತ್ತದೆ, ಆದರೆ ಪ್ರೊಪೆಲ್ಲರ್ ಶಾಫ್ಟಿನ ಕ್ರಾಸ್ ಜೋಡಣೆ ವಕ್ರಗೊಂಡು ಬೇಗ ಸವೆಯುತ್ತದೆ. ಒಂದನ್ನು ಸರಿಮಾಡಲು ಹೋದರೆ ಇನ್ನೊಂದು ಕೆಡುತ್ತದೆ.

ಎರಡನೆಯ ದಾರಿ ಹೆಚ್ಚು ಬಾಗಿನ ಹೊಸ ಕಟ್ಟು ಹಾಕುವುದು. ಇದರಲ್ಲಿ ಎರಡು ತುದಿಗಳೂ ಸಮನಾಗಿ ಇಳಿಯುವುದರಿಂದ ಆಕ್ಸಲ್‌ನ ಕೋನ ಅಷ್ಟಾಗಿ ಕೆಡುವುದಿಲ್ಲ. ಎರಡು ಅಂಗುಲದ ಒಳಗಿನ ಎತ್ತರಕ್ಕೆ ಇದೇ ಮೇಲು. ಮೂರನೆಯದು, ಆಕ್ಸಲ್‌ನ ಕೆಳಗಿದ್ದ ಕಟ್ಟನ್ನು ಆಕ್ಸಲ್‌ನ ಮೇಲಕ್ಕೆ ತಂದು ಕೂರಿಸುವುದು. ಹಳೆಯ ಜೀಪುಗಳಲ್ಲಿ ಇದರಿಂದ ಒಂದೇ ಬಾರಿಗೆ ಸುಮಾರು ಐದು ಅಂಗುಲ ಎತ್ತರ ದೊರೆಯುತ್ತದೆ, ಪಟ್ಟಿಯ ಮೃದುತ್ವವೂ ಉಳಿಯುತ್ತದೆ. ಆದರೆ ಇದು ಗಾಡಿಯ ಇಡೀ ರಚನೆಯನ್ನೇ ಬದಲಿಸುವ ಕೆಲಸ. ಸ್ಟಿಯರಿಂಗಿನ ಕೊಂಡಿಗಳು, ಪ್ರೊಪೆಲ್ಲರ್ ಶಾಫ್ಟು, ಬ್ರೇಕಿನ ಹೋಸು, ಷಾಕ್ ಅಬ್ಸಾರ್ಬರ್ ಎಲ್ಲವನ್ನೂ ಹೊಸದಾಗಿ ಲೆಕ್ಕ ಹಾಕಬೇಕು. ಏರಿನಲ್ಲಿ ಕಡಿಮೆ ಗೇರಿನಲ್ಲಿ ಒತ್ತಡ ಬಿದ್ದಾಗ ಪಟ್ಟಿಯ ಕಟ್ಟು ಇಂಗ್ಲಿಷಿನ 'ಎಸ್' ಅಕ್ಷರದಂತೆ ತಿರುಚಿಕೊಳ್ಳುವ ತೊಂದರೆಯೂ ಹೆಚ್ಚುತ್ತದೆ.

ಹೊಸ ಕಾಲದ ವಾಹನಗಳಲ್ಲಿ ಮುಂಭಾಗದ ರಚನೆ ಬೇರೆ. 2010ರಲ್ಲಿ ಬಂದ ಮಹೀಂದ್ರ ಥಾರ್‌ನಲ್ಲಿ ಮುಂದಿನ ಎರಡು ಚಕ್ರಗಳು ಒಂದಕ್ಕೊಂದು ಸಂಬಂಧವಿಲ್ಲದೆ ಏರಿಳಿಯುತ್ತಿದ್ದವು. ಭಾರ ಹೊರುತ್ತಿದ್ದುದು ಟಾರ್ಷನ್ ಬಾರ್ ಎಂಬ ತಿರುಚುವ ಸರಳು. 2020ರ ಥಾರ್‌ನಲ್ಲಿ ಕಾಯಿಲ್ ಸ್ಪ್ರಿಂಗ್ ಬಂದಿತು. ಟಾರ್ಷನ್ ಬಾರಿನ ಗಾಡಿಯಲ್ಲಿ ಒಂದು ಬೋಲ್ಟು ತಿರುಗಿಸಿದರೆ ಸಾಕು, ಮುಂಭಾಗ ಏರುತ್ತದೆ. ಇಷ್ಟು ಸುಲಭವಾದುದರಿಂದಲೇ ಇದು ಅಪಾಯ. ಚಕ್ರ ಕೆಳಗಿಳಿಯಲು ಇದ್ದ ಅವಕಾಶವನ್ನು ಕಸಿದು ಎತ್ತರಕ್ಕೆ ಕೊಟ್ಟಂತಾಗುತ್ತದೆ. ಹೊಂಡ ಬಂದಾಗ ಚಕ್ರ ಇಳಿಯಲಾರದೆ ಗಾಳಿಯಲ್ಲಿ ನಿಲ್ಲುತ್ತದೆ, ಆಕ್ಸಲ್ ಶಾಫ್ಟಿನ ಕೀಲುಗಳು ಅತಿ ವಕ್ರವಾಗಿ ಅವುಗಳ ರಬ್ಬರ್ ಬೂಟು ಹರಿಯುತ್ತದೆ, ಅದರೊಳಗೆ ಕೆಸರು ಸೇರುತ್ತದೆ.

ಸ್ಟಿಯರಿಂಗ್: ಎರಡು ಕಡ್ಡಿಗಳ ಪಾಠ

ಚಾಲಕನ ಕೈಯ ಆಜ್ಞೆ ಚಕ್ರಕ್ಕೆ ತಲುಪುವ ದಾರಿಯನ್ನು ನೋಡೋಣ. ಸ್ಟಿಯರಿಂಗ್ ಬಾಕ್ಸು ಚಾಸಿಯ ಮೇಲಿದೆ, ಚಕ್ರಗಳು ಆಕ್ಸಲ್‌ನಲ್ಲಿವೆ. ಚಾಸಿಗೂ ಆಕ್ಸಲ್‌ಗೂ ನಡುವೆ ಸ್ಪ್ರಿಂಗು ಇರುವುದರಿಂದ ಎರಡರ ಅಂತರ ಸದಾ ಬದಲಾಗುತ್ತಲೇ ಇರುತ್ತದೆ. ಬಾಕ್ಸಿನಿಂದ ಹೊರಟ ಪಿಟ್‌ಮನ್ ಆರ್ಮ್ ಎಂಬ ತೋಳು, ಅದಕ್ಕೆ ಸೇರಿದ ಡ್ರ್ಯಾಗ್ ಲಿಂಕ್ ಎಂಬ ಸರಳು, ಆ ಸರಳಿನಿಂದ ಚಕ್ರದ ಗೆಣ್ಣಿಗೆ. ಒಂದು ಚಕ್ರದಿಂದ ಇನ್ನೊಂದಕ್ಕೆ ಟೈ ರಾಡ್. ಚಕ್ರ ಏರಿಳಿಯುವಾಗ ಡ್ರ್ಯಾಗ್ ಲಿಂಕು ತಾನೂ ಒಂದು ಕಮಾನಿನಲ್ಲಿ ತೂಗುತ್ತದೆ. ಆಕ್ಸಲ್ ಚಲಿಸುವ ದಾರಿಯೂ ಲಿಂಕು ತೂಗುವ ದಾರಿಯೂ ಹೊಂದಿದರೆ ಚಕ್ರ ನೇರವಾಗಿ ಇರುತ್ತದೆ. ಹೊಂದದಿದ್ದರೆ, ಚಾಲಕ ಸ್ಟಿಯರಿಂಗನ್ನು ಅಲುಗಿಸದೆ ಇದ್ದರೂ ಚಕ್ರ ತಾನಾಗಿ ತಿರುಗುತ್ತದೆ. ಇದನ್ನು ಬಂಪ್ ಸ್ಟಿಯರ್ ಎನ್ನುತ್ತಾರೆ.

ವಿದ್ಯಾರ್ಥಿಗಳು ಇದನ್ನು ಶಾಲೆಯಲ್ಲೇ ಮಾಡಿ ನೋಡಬಹುದು. ಒಂದು ಹಲಗೆಯ ಮೇಲೆ ಬೇರೆ ಬೇರೆ ಉದ್ದದ ಎರಡು ಬಿದಿರಿನ ಕಡ್ಡಿಗಳನ್ನು ಬೇರೆ ಬೇರೆ ಜಾಗದಲ್ಲಿ ಮೊಳೆ ಹೊಡೆದು, ಅವುಗಳ ಬಿಡಿ ತುದಿಗಳು ಒಂದೇ ಬಿಂದುವಿನಲ್ಲಿ ಕೂಡುವಂತೆ ಇಡಬೇಕು. ಎರಡನ್ನೂ ಒಂದೇ ಎತ್ತರಕ್ಕೆ ಮೇಲೆತ್ತಿದರೆ ತುದಿಗಳು ಬೇರ್ಪಡುತ್ತವೆ. ಆ ನಡುವಿನ ಅಂತರವೇ ಚಕ್ರವನ್ನು ತಳ್ಳುವ ಅಥವಾ ಎಳೆಯುವ ಅಳತೆ.

ಈಗ ಲೆಕ್ಕ. ಎಡದಿಂದ ಬಲಕ್ಕೆ ಹೋಗುವ 100 ಸೆಂ.ಮೀ. ಉದ್ದದ ಡ್ರ್ಯಾಗ್ ಲಿಂಕು ಮೊದಲು ನೆಲಕ್ಕೆ ಸಮಾನಾಂತರವಾಗಿದೆ ಎಂದಿಟ್ಟುಕೊಳ್ಳಿ. ಆಕ್ಸಲ್ 10 ಸೆಂ.ಮೀ. ಏರಿದರೆ ಲಿಂಕಿನ ತುದಿ ಅಡ್ಡಕ್ಕೆ ಸರಿಯುವುದು ಅರ್ಧ ಸೆಂಟಿಮೀಟರ್ ಮಾತ್ರ. ಅದೇ ಗಾಡಿಯನ್ನು ಎತ್ತರಿಸಿದ ಮೇಲೆ ಲಿಂಕು ಓರೆಯಾಗಿ, ಅದರ ಒಂದು ತುದಿ ಇನ್ನೊಂದಕ್ಕಿಂತ 20 ಸೆಂ.ಮೀ. ಕೆಳಗಿದೆ ಎಂದಿಟ್ಟುಕೊಳ್ಳಿ. ಆಗ ಆಕ್ಸಲ್ 10 ಸೆಂ.ಮೀ. ಏರಿದರೆ ಸರಿತ ಒಂದೂವರೆ ಸೆಂ.ಮೀ.; 10 ಸೆಂ.ಮೀ. ಇಳಿದರೆ ಎರಡೂವರೆ ಸೆಂ.ಮೀ.ಗಿಂತ ಹೆಚ್ಚು. ಚಕ್ರದ ಗೆಣ್ಣಿನ ತೋಳು 15 ಸೆಂ.ಮೀ. ಇದ್ದರೆ ಒಂದೂವರೆ ಸೆಂ.ಮೀ. ಸರಿತವೆಂದರೆ ಚಕ್ರ ಸುಮಾರು 6 ಡಿಗ್ರಿ ತಿರುಗಿದಂತೆ, ಎರಡೂವರೆ ಸೆಂ.ಮೀ. ಎಂದರೆ ಸುಮಾರು 10 ಡಿಗ್ರಿ. ಒಂದು ಕಡೆ ಧರೆ, ಇನ್ನೊಂದು ಕಡೆ ಕಣಿವೆ ಇರುವ ದಾರಿಯಲ್ಲಿ ಹೊಂಡಕ್ಕಿಳಿದ ಕ್ಷಣದಲ್ಲಿ ಚಕ್ರ ತಾನಾಗಿ 10 ಡಿಗ್ರಿ ಹೊರಳುವುದೆಂದರೆ ಏನೆಂಬುದನ್ನು ವಿವರಿಸಬೇಕಾಗಿಲ್ಲ.

ಈ ಸಮಸ್ಯೆಗೆ ದೊರೆತ ಪರಿಹಾರದ ಒಂದು ಪ್ರಸಿದ್ಧ ಉದಾಹರಣೆ ಅಮೆರಿಕದ್ದು. ಅಲ್ಲಿ 1979ರಿಂದ 1985ರವರೆಗೆ ಮಾರಾಟವಾದ ಟೊಯೋಟಾ ಪಿಕಪ್‌ನ ನಾಲ್ಕು ಚಕ್ರ ಚಾಲನೆಯ ಮಾದರಿಗೆ ಮುಂದೆಯೂ ಗಟ್ಟಿ ಆಕ್ಸಲ್, ಕಮಾನು ಪಟ್ಟಿ ಇದ್ದವು. ಬೇರೆ ದೇಶಗಳಲ್ಲಿ ಹೈಲಕ್ಸ್ ಎಂಬ ಹೆಸರಿನಿಂದ ಖ್ಯಾತವಾದ ಗಾಡಿ ಇದೇ. 2022ರಲ್ಲಿ ಅದರ ಹೊಸ ಪೀಳಿಗೆ ಭಾರತದ ಮಾರುಕಟ್ಟೆಗೂ ಬಂದಿತು. ಹಳೆಯ ಮಾದರಿಯ ಡ್ರ್ಯಾಗ್ ಲಿಂಕು ಗಾಡಿಯ ಉದ್ದಕ್ಕೆ, ಹಿಂದುಮುಂದಾಗಿ ಚಲಿಸುವಂತಿತ್ತು. ಗಾಡಿಯನ್ನು ಎತ್ತರಿಸಿದಾಗ ಆ ಲಿಂಕು ಕಡಿದಾಗಿ ಇಳಿಜಾರಾಗುತ್ತಿತ್ತು, ಬಂಪ್ ಸ್ಟಿಯರ್ ವಿಪರೀತವಾಗುತ್ತಿತ್ತು. ಅಲ್ಲಿನ ಬಂಡೆಗಳ ದಾರಿಯಲ್ಲಿ ಓಡಿಸುವವರು 1986ರ ನಂತರದ ಮಾದರಿಯ ಸ್ಟಿಯರಿಂಗ್ ಬಾಕ್ಸನ್ನು ಅದಕ್ಕೆ ಅಳವಡಿಸಿದರು. ಈ ಬಾಕ್ಸಿನ ತೋಳು ಎಡಬಲಕ್ಕೆ ಆಡುತ್ತದೆ. ಆದುದರಿಂದ ಲಿಂಕನ್ನು ಗಾಡಿಯ ಅಡ್ಡಕ್ಕೆ, ಎದುರು ಬದಿಯ ಚಕ್ರದ ಗೆಣ್ಣಿಗೆ ಸೇರಿಸಬಹುದಾಯಿತು. ಲಿಂಕು ಉದ್ದವಾಯಿತು, ಸಮತಲಕ್ಕೆ ಹತ್ತಿರವಾಯಿತು. ಮೇಲಿನ ಲೆಕ್ಕದಲ್ಲಿ ಕಂಡ ಅರ್ಧ ಸೆಂಟಿಮೀಟರಿನ ಲಾಭ ಬಂದುದು ಹೀಗೆ. ಮುಂದೆ ಗೆಣ್ಣಿನ ಮೇಲ್ಮುಚ್ಚಳದ ಜಾಗದಲ್ಲಿ ಹೊಸ ತೋಳುಗಳನ್ನು ಕೂರಿಸಿ, ಟೈ ರಾಡನ್ನೂ ಪಟ್ಟಿಯ ಮೇಲ್ಭಾಗಕ್ಕೆ ಎತ್ತಿದರು. ಕಲ್ಲಿಗೆ ಬಡಿದು ಟೈ ರಾಡ್ ಬಾಗುವುದು ತಪ್ಪಿತು.

ಈ ಉದಾಹರಣೆಯಿಂದ ಕಲಿಯಬೇಕಾದುದು ಬಾಕ್ಸು ಬದಲಿಸುವುದನ್ನಲ್ಲ, ಅದರೊಂದಿಗೆ ಅವರು ಮಾಡಿದ ಉಳಿದ ಕೆಲಸವನ್ನು. ಬಾಕ್ಸು ಕೂರುವ ಜಾಗದಲ್ಲಿ ಚಾಸಿ ಬಿರುಕು ಬಿಡದಂತೆ ಉಕ್ಕಿನ ತಗಡು ಸೇರಿಸಿ ಬಲಪಡಿಸುವುದು ಅಲ್ಲಿ ಅನಿವಾರ್ಯವೆಂದು ಪರಿಗಣಿತವಾಗಿದೆ. ಗೆಣ್ಣಿನ ಮೇಲಿನ ತೋಳನ್ನು ಹಿಡಿದಿರುವುದು ನಾಲ್ಕು ಸ್ಟಡ್‌ಗಳು. ಮೊದಲು ಬರಿಯ ಮುಚ್ಚಳವನ್ನು ಹಿಡಿದಿದ್ದ ಅವು ಈಗ ಇಡೀ ಸ್ಟಿಯರಿಂಗಿನ ಬಲವನ್ನು ಹೊರುತ್ತವೆ. ಅವು ಸಡಿಲವಾದರೆ ಚಾಲಕನ ಕೈಗೂ ಚಕ್ರಕ್ಕೂ ಸಂಬಂಧವೇ ಉಳಿಯುವುದಿಲ್ಲ. ಹೀಗಾಗಿ ಅಳತೆಯ ಸ್ಪ್ಯಾನರಿನಿಂದ ಬಿಗಿಮಾಡಿ, ಮತ್ತೆ ಮತ್ತೆ ಪರೀಕ್ಷಿಸುವುದು ಆ ಕೆಲಸದ ಭಾಗವೇ ಆಗಿದೆ.

ಅಗ್ಗದ ಇನ್ನೊಂದು ಉಪಾಯ ಉದ್ದಕ್ಕೆ ಇಳಿಬಿಟ್ಟ ಪಿಟ್‌ಮನ್ ಆರ್ಮ್ ಹಾಕುವುದು. ಲಿಂಕಿನ ಓರೆ ಕಡಿಮೆಯಾಗುತ್ತದೆ ನಿಜ, ಆದರೆ ಬಾಕ್ಸಿನ ಶಾಫ್ಟಿನ ಮೇಲೆ ಬೀಳುವ ತಿರುಚು ಹೆಚ್ಚುತ್ತದೆ. ಇದಕ್ಕಿಂತಲೂ ಕೆಟ್ಟದ್ದು ಹಳೆಯ ತೋಳನ್ನೋ ಟೈ ರಾಡನ್ನೋ ಕಾಯಿಸಿ ಬಗ್ಗಿಸುವುದು, ಕತ್ತರಿಸಿ ವೆಲ್ಡಿಂಗ್ ಮಾಡುವುದು. ಈ ಭಾಗಗಳು ಬಡಿದು ಮಾಡಿದ, ಹದಗೊಳಿಸಿದ ಉಕ್ಕು. ಕಾಯಿಸಿದಾಗ ಹದ ಕೆಡುತ್ತದೆ. ಹೊರಗೆ ಏನೂ ಕಾಣದೆ ಒಳಗೆ ಬಿರುಕು ಬೆಳೆಯುತ್ತದೆ. ಮುರಿಯುವ ದಿನ ಮುನ್ಸೂಚನೆ ಕೊಡದೆ ಮುರಿಯುತ್ತದೆ. ಬಾಗಿಲ ಚೌಕಟ್ಟಿಗೆ ಮಾಡಿದ ವೆಲ್ಡಿಂಗನ್ನು ಸ್ಟಿಯರಿಂಗಿಗೆ ಮಾಡಬಾರದು.

ಎತ್ತರಕ್ಕೆ ತೆರುವ ಬೆಲೆ

ಓರೆಯಾದ ದಾರಿಯಲ್ಲಿ ಗಾಡಿ ಮಗುಚುವುದು ಯಾವಾಗ? ಅದರ ಭಾರದ ಕೇಂದ್ರದಿಂದ ಇಳಿಬಿಟ್ಟ ತೂಕದ ಗುಂಡು ಕೆಳಬದಿಯ ಚಕ್ರವನ್ನು ದಾಟಿದಾಗ. ಎರಡು ಚಕ್ರಗಳ ನಡುವಿನ ಅಗಲ 140 ಸೆಂ.ಮೀ., ಭಾರದ ಕೇಂದ್ರ ನೆಲದಿಂದ 70 ಸೆಂ.ಮೀ. ಮೇಲಿದ್ದರೆ ಲೆಕ್ಕದ ಪ್ರಕಾರ ಮಗುಚುವ ಓರೆ 45 ಡಿಗ್ರಿ. ಕೇಂದ್ರ 80 ಸೆಂ.ಮೀ.ಗೆ ಏರಿದರೆ 41 ಡಿಗ್ರಿ. ಅಂಥ ಗಾಡಿಯ ತೊಟ್ಟಿಯಲ್ಲಿ ಜನರನ್ನು ನಿಲ್ಲಿಸಿ ಕೇಂದ್ರ 95 ಸೆಂ.ಮೀ.ಗೆ ಹೋದರೆ 36 ಡಿಗ್ರಿ. ಇದು ಅಲುಗದೆ ನಿಂತ ಗಾಡಿಯ ಲೆಕ್ಕ. ಓಡುವ ಗಾಡಿಯಲ್ಲಿ ಕೆಳಬದಿಯ ಸ್ಪ್ರಿಂಗು ಕುಗ್ಗುತ್ತದೆ, ಟೈರು ಮಣಿಯುತ್ತದೆ, ತಿರುವು ಹೊರಕ್ಕೆ ಎಳೆಯುತ್ತದೆ, ಕೆಳಬದಿಯ ಮಣ್ಣು ಕುಸಿಯುತ್ತದೆ. ಆದುದರಿಂದ ನಿಜವಾದ ಮಿತಿ ಇದಕ್ಕಿಂತ ಬಹಳ ಕಡಿಮೆ. ಎತ್ತರಿಸಿದ ಗಾಡಿಯಲ್ಲಿ ಜನರನ್ನು ತೊಟ್ಟಿಯಲ್ಲಿ ನಿಲ್ಲಿಸಿ ಸಾಗಿಸುವುದು ಏಕೆ ಅಪಾಯಕರ ಎಂಬುದಕ್ಕೆ ಈ ಮೂರು ಅಂಕಿಗಳು ಸಾಕು.

ದೊಡ್ಡ ಟೈರಿಗೂ ಬೆಲೆಯಿದೆ. 28ರಿಂದ 31 ಅಂಗುಲಕ್ಕೆ ಹೋದಾಗ ಚಕ್ರದ ಒಂದು ಸುತ್ತಿಗೆ ಗಾಡಿ ನೂರಕ್ಕೆ ಸುಮಾರು 11ರಷ್ಟು ಹೆಚ್ಚು ದೂರ ಓಡುತ್ತದೆ. ಮೀಟರು 40 ಕಿ.ಮೀ. ತೋರಿಸುವಾಗ ನಿಜವಾದ ವೇಗ 44. ಗೇರು ಅಷ್ಟೇ ಪ್ರಮಾಣದಲ್ಲಿ ಎತ್ತರವಾದಂತಾಗಿ ಏರಿನಲ್ಲಿ ಎಂಜಿನ್ ಏದುತ್ತದೆ, ಇಳಿಜಾರಿನಲ್ಲಿ ಎಂಜಿನ್ನಿನ ತಡೆ ಕಡಿಮೆಯಾಗುತ್ತದೆ, ಬ್ರೇಕಿಗೆ ದುಡಿಮೆ ಹೆಚ್ಚುತ್ತದೆ.

ಬ್ರೇಕಿಗೆ ಸಂಬಂಧಿಸಿದ ಇನ್ನೆರಡು ವಿಷಯಗಳನ್ನು ಗ್ಯಾರೇಜಿನವರೂ ಮರೆಯುವುದುಂಟು. ಚಾಸಿಯಿಂದ ಆಕ್ಸಲ್‌ಗೆ ಹೋಗುವ ರಬ್ಬರ್ ಹೋಸು ಮೂಲ ಎತ್ತರಕ್ಕೆ ತಕ್ಕ ಉದ್ದದ್ದು. ಎತ್ತರಿಸಿದ ಗಾಡಿಯ ಚಕ್ರ ಪೂರ್ತಿ ಕೆಳಗೆ ತೂಗಿದಾಗ ಅದು ಎಳೆದು ಹರಿಯಬಹುದು. ಎರಡನೆಯದಾಗಿ, ಕೆಲವು ಪಿಕಪ್‌ಗಳಲ್ಲಿ ಹಿಂದಿನ ಆಕ್ಸಲ್‌ಗೆ ಸೇರಿದ ಸಣ್ಣ ಸರಳೊಂದು ಲೋಡಿಗೆ ತಕ್ಕಂತೆ ಹಿಂದಿನ ಬ್ರೇಕಿನ ಒತ್ತಡವನ್ನು ನಿಯಂತ್ರಿಸುತ್ತದೆ. ಗಾಡಿ ಕುಗ್ಗಿದರೆ ಲೋಡಿದೆ ಎಂದೂ, ಎದ್ದಿದ್ದರೆ ಖಾಲಿಯೆಂದೂ ಅದರ ತಿಳಿವಳಿಕೆ. ಎತ್ತರಿಸಿದ ಗಾಡಿ ಅದರ ಪಾಲಿಗೆ ಯಾವಾಗಲೂ ಖಾಲಿಯೇ. ಹೀಗಾಗಿ ತುಂಬಿದ ಗಾಡಿಗೂ ಹಿಂದಿನ ಬ್ರೇಕು ಅರೆಮನಸ್ಸಿನಿಂದ ಹಿಡಿಯುತ್ತದೆ. ಸರಳಿನ ಜೋಡಣೆಯನ್ನು ಹೊಸ ಎತ್ತರಕ್ಕೆ ಸರಿಪಡಿಸದೆ ಗಾಡಿಯನ್ನು ಹೊರಗೆ ಬಿಡಬಾರದು.

ಕಾನೂನಿನ ಮಾತು

ಮೋಟಾರು ವಾಹನ ಕಾಯ್ದೆ 1988ರ 52ನೇ ವಿಧಿಯ ಪ್ರಕಾರ, ನೋಂದಣಿ ಪತ್ರದಲ್ಲಿನ ವಿವರಗಳು ತಯಾರಕರು ಮೂಲತಃ ನಮೂದಿಸಿದ ವಿವರಗಳಿಗೆ ವ್ಯತ್ಯಾಸವಾಗುವಂತೆ ಮಾಲೀಕರು ವಾಹನವನ್ನು ಮಾರ್ಪಡಿಸುವಂತಿಲ್ಲ. ವಾಹನದ ಮೂಲ ಲಕ್ಷಣವೇ ಬದಲಾಗುವಂತೆ ರಚನೆಯನ್ನು ಬದಲಿಸುವುದು ಮಾರ್ಪಾಡು ಎಂದು ಅದೇ ವಿಧಿ ವಿವರಿಸುತ್ತದೆ. ಕೇರಳದಿಂದ ಬಂದ ಪ್ರಕರಣವೊಂದರಲ್ಲಿ ಸರ್ವೋಚ್ಚ ನ್ಯಾಯಾಲಯವು 2019ರ ಜನವರಿಯಲ್ಲಿ ಈ ನಿಷೇಧವನ್ನು ಎತ್ತಿಹಿಡಿಯಿತು. ಅದೇ ವರ್ಷದ ತಿದ್ದುಪಡಿಯು ಅನುಮತಿಯಿಲ್ಲದ ಪ್ರತಿಯೊಂದು ಮಾರ್ಪಾಡಿಗೆ 5000 ರೂಪಾಯಿ ದಂಡ ಅಥವಾ ಆರು ತಿಂಗಳವರೆಗಿನ ಸೆರೆವಾಸ ಅಥವಾ ಎರಡನ್ನೂ ವಿಧಿಸಲು ಅವಕಾಶ ಕಲ್ಪಿಸಿತು. ಅಪಘಾತವಾದಾಗ ವಿಮೆಯ ಹಣಕ್ಕೆ ತಕರಾರು ಬರುವ ಸಾಧ್ಯತೆಯೂ ಇದೆ. ಸವೆದ ಭಾಗಕ್ಕೆ ಅದೇ ಅಳತೆಯ ಹೊಸ ಭಾಗ ಹಾಕುವುದು ದುರಸ್ತಿ. ಗಾಡಿಯ ಸ್ವರೂಪವನ್ನೇ ಬದಲಿಸುವುದು ಬೇರೆ. ಕೈಹಾಕುವ ಮುನ್ನ ಸಾರಿಗೆ ಕಚೇರಿಯಲ್ಲಿ ಲಿಖಿತವಾಗಿ ವಿಚಾರಿಸುವುದು ಕ್ಷೇಮ. ಬಾಡಿಗೆಗೆ ಜನರನ್ನು ಒಯ್ಯುವವರಿಗಂತೂ ಇದು ಅವರೊಬ್ಬರ ಪ್ರಶ್ನೆಯಲ್ಲ, ಹಿಂದೆ ಕುಳಿತವರ ಮನೆಯವರ ಪ್ರಶ್ನೆಯೂ ಹೌದು.

ಮೊದಲು ಮಾಡಬೇಕಾದುದು

ಬೆಟ್ಟದ ದಾರಿಯಲ್ಲಿ ಸಿಕ್ಕಿಹಾಕಿಕೊಳ್ಳುವ ಹೆಚ್ಚಿನ ಗಾಡಿಗಳಿಗೆ ಬೇಕಾದುದು ಎತ್ತರವಲ್ಲ, ಆರೈಕೆ. ಪಟ್ಟಿಯ ಬುಷ್, ಶ್ಯಾಕಲ್‌ನ ಪಿನ್ನು, ಕಿಂಗ್‌ಪಿನ್‌ನ ಬೇರಿಂಗು, ಟೈ ರಾಡಿನ ತುದಿಗಳು, ಷಾಕ್ ಅಬ್ಸಾರ್ಬರ್ ಇವುಗಳನ್ನು ಸರಿಪಡಿಸಿದರೆ ಗಾಡಿಯ ಅರ್ಧ ದೋಷ ನಿವಾರಣೆಯಾಗುತ್ತದೆ. ಸ್ಟಿಯರಿಂಗ್ ಗಡಗಡ ನಡುಗುವುದಕ್ಕೆ ಹೆಚ್ಚಾಗಿ ಕಾರಣ ಸವೆದ ಈ ಭಾಗಗಳೇ. ಎರಡನೆಯದಾಗಿ ಕೆಸರಿಗೆ ತಕ್ಕ ಟೈರು. ಮೂರನೆಯದು ಟೈರಿನ ಗಾಳಿ: ಹಗುರವಾದ ಗಾಡಿಯಲ್ಲಿ 35 ಪೌಂಡು ಇದ್ದುದನ್ನು 20ರ ಆಸುಪಾಸಿಗೆ ಇಳಿಸಿದರೆ ಟೈರು ಅಗಲವಾಗಿ ನೆಲ ಹಿಡಿಯುತ್ತದೆ, ಕಲ್ಲಿನ ಮೇಲೆ ಮಣಿಯುತ್ತದೆ, ಮಣ್ಣನ್ನು ಅಗೆಯುವುದೂ ಕಡಿಮೆ. ಟಾರು ರಸ್ತೆಗೆ ಬರುವ ಮುನ್ನ, ಲೋಡು ಹೇರುವ ಮುನ್ನ ಮತ್ತೆ ಗಾಳಿ ತುಂಬಲೇಬೇಕು. ಇಷ್ಟರಿಂದ ಆಗದ ಕೆಲಸಕ್ಕೆ ಮಾತ್ರ, ಅನುಮತಿ ಪಡೆದು, ಎರಡು ಅಂಗುಲದ ಒಳಗಿನ ಎತ್ತರ.

ಕಮಾನು ಪಟ್ಟಿಗೋ ಸ್ಟಿಯರಿಂಗಿಗೋ ಕೈಹಾಕಿದ ಯಾವುದೇ ಗಾಡಿಯನ್ನು ದಾರಿಗೆ ಇಳಿಸುವ ಮುನ್ನ ಐದು ಪರೀಕ್ಷೆಗಳನ್ನು ಮಾಲೀಕರು ನಿಂತು ನೋಡಬೇಕು. ಒಂದು, ಚಾಸಿಗೆ ಜಾಕ್ ಕೊಟ್ಟು ಚಕ್ರಗಳನ್ನು ಪೂರ್ತಿ ತೂಗಬಿಟ್ಟಾಗ ಬ್ರೇಕಿನ ಹೋಸು ಸಡಿಲವಾಗಿಯೇ ಇರಬೇಕು. ಎರಡು, ಒಂದು ಚಕ್ರವನ್ನು ಎತ್ತರದ ದಿಮ್ಮಿಯ ಮೇಲೆ ಹತ್ತಿಸಿ ಸ್ಟಿಯರಿಂಗನ್ನು ಒಂದು ಕೊನೆಯಿಂದ ಇನ್ನೊಂದು ಕೊನೆಗೆ ತಿರುಗಿಸಿದಾಗ ಟೈರು, ಸರಳು ಯಾವುದಕ್ಕೂ ತಾಗಬಾರದು. ಮೂರು, ಸ್ಟಿಯರಿಂಗನ್ನು ನೇರಕ್ಕೆ ಕಟ್ಟಿ, ಮುಂಭಾಗವನ್ನು ಎತ್ತಿ ಇಳಿಸುತ್ತ ಚಕ್ರಗಳು ತಾವಾಗಿ ಹೊರಳುತ್ತವೆಯೇ ಎಂದು ನೋಡಬೇಕು. ನಾಲ್ಕು, ಟೈರಿನ ನಡುವೆ ಸೀಮೆಸುಣ್ಣದ ಗುರುತು ಹಾಕಿ, ಚಕ್ರಗಳ ಮುಂದಿನ ಅಂತರವನ್ನೂ ಹಿಂದಿನ ಅಂತರವನ್ನೂ ಟೇಪಿನಿಂದ ಅಳೆದು ತಯಾರಕರ ಅಳತೆಗೆ ಹೋಲಿಸಬೇಕು. ಐದು, ಸ್ಟಿಯರಿಂಗಿನ ಪ್ರತಿ ನಟ್ಟಿಗೂ ಸ್ಪ್ಲಿಟ್ ಪಿನ್ ಇದೆಯೇ ಎಂದು ಕಣ್ಣಾರೆ ನೋಡಬೇಕು. ಯು-ಬೋಲ್ಟುಗಳು ಹೊಸವೇ ಆಗಿರಬೇಕು. ಕೆಲವು ದಿನ ಓಡಿದ ಮೇಲೆ ಅವುಗಳನ್ನು ಮತ್ತೊಮ್ಮೆ ಬಿಗಿಮಾಡಬೇಕು.

ಗಾಡಿ ಮತ್ತು ದಾರಿ

ಕೊನೆಯದಾಗಿ ದಾರಿಯ ಮಾತು. ಆಗುಂಬೆಯಲ್ಲಿ ವರ್ಷಕ್ಕೆ ಸರಾಸರಿ 7000 ಮಿ.ಮೀ.ಗೂ ಮೀರಿ ಮಳೆ ಸುರಿಯುತ್ತದೆ, ಅದರ ಬಹುಭಾಗ ಜೂನ್‌ನಿಂದ ಸೆಪ್ಟೆಂಬರ್‌ವರೆಗಿನ ನಾಲ್ಕು ತಿಂಗಳಲ್ಲಿ. ಅಂಥ ಮಳೆಯಲ್ಲಿ ಇಳಿಜಾರಿನ ಮೇಲೆ ಚಕ್ರ ಒಮ್ಮೆ ಸುತ್ತಿ ಕೊರೆದ ಚಡಿಯೇ ನೀರಿಗೆ ಕಾಲುವೆಯಾಗುತ್ತದೆ. ಮುಂದಿನ ಮಳೆಗೆ ಕೊರಕಲಾಗುತ್ತದೆ. ಆಗ ಪಕ್ಕದಲ್ಲಿ ಇನ್ನೊಂದು ದಾರಿ ಬೀಳುತ್ತದೆ, ಅದೂ ಕೊರಕಲಾಗುತ್ತದೆ. ಶೋಲಾ ಕಾಡಿನ ನೆತ್ತಿಯ ಹುಲ್ಲುಗಾವಲಿನಲ್ಲಿ ಹೀಗೆ ಬಿದ್ದ ಗೆರೆಗಳು ಬೇಗ ಮಾಯುವುದಿಲ್ಲ. ಅಲ್ಲಿಂದ ಇಳಿದ ಮಣ್ಣು ಕೆಳಗಿನ ಗದ್ದೆಯಲ್ಲಿ, ತೋಟದ ಬಗನಿಯಲ್ಲಿ, ಕುಡಿಯುವ ನೀರಿನ ಹಳ್ಳದಲ್ಲಿ ಕೂರುತ್ತದೆ. ವನ್ಯಜೀವಿಧಾಮಗಳೊಳಗೆ ಅನುಮತಿಯಿಲ್ಲದೆ ಪ್ರವೇಶಿಸುವುದನ್ನು 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ನಿರ್ಬಂಧಿಸಿದೆ; ಗಾಡಿ ಎಷ್ಟು ಎತ್ತರವಿದ್ದರೂ ಆ ನಿರ್ಬಂಧ ಕಡಿಮೆಯಾಗುವುದಿಲ್ಲ.

ಮನೆಗೆ ಹೋಗುವ ಮಣ್ಣಿನ ದಾರಿಯ ವಿಷಯ ಬೇರೆ. ಅದು ಬೇಕೇ ಬೇಕು. ಅದನ್ನು ಉಳಿಸಿಕೊಳ್ಳುವ ಬಗೆ ಹಿರಿಯರಿಗೆ ತಿಳಿದೇ ಇತ್ತು. ಮಳೆಗಾಲಕ್ಕೆ ಮುನ್ನ ಚರಂಡಿ ಬಿಡಿಸುವುದು, ಏರಿನಲ್ಲಿ ಅಲ್ಲಲ್ಲಿ ಓರೆಗಟ್ಟೆ ಹಾಕಿ ನೀರನ್ನು ಪಕ್ಕಕ್ಕೆ ತಿರುಗಿಸುವುದು, ಚಕ್ರ ಜಾರುವ ಕಡೆ ಕಲ್ಲು ಹಾಸುವುದು, ನೆನೆದ ದಿನ ಭಾರದ ಗಾಡಿ ಬಿಡದಿರುವುದು. ಊರಿನ ನಾಲ್ಕು ಮನೆಯವರು ಕೂಡಿ ಎರಡು ದಿನ ಈ ಕೆಲಸ ಮಾಡಿದರೆ, ಗಾಡಿಯನ್ನು ಐದು ಅಂಗುಲ ಎತ್ತರಿಸುವ ಅಗತ್ಯ ಬಹುತೇಕ ಮನೆಗಳಿಗೆ ಉಳಿಯುವುದಿಲ್ಲ. ಅದರ ಖರ್ಚು ಒಬ್ಬರ ಜೇಬಿನಿಂದ ಹೋಗುವುದಿಲ್ಲ. ಅದರ ಲಾಭ ಗಾಡಿಯಿಲ್ಲದೆ ನಡೆದು ಹೋಗುವ ಶಾಲೆಯ ಮಕ್ಕಳಿಗೂ ಸಿಗುತ್ತದೆ.

ಈ ಸಭೆಯಲ್ಲಿರುವ ವಿದ್ಯಾರ್ಥಿಗಳು ಬಿದಿರಿನ ಕಡ್ಡಿಗಳ ಪ್ರಯೋಗವನ್ನು ಮಾಡಿ ನೋಡಲಿ; ಗಾಡಿಯಿರುವವರು ಮುಂದಿನ ಮಳೆಗೆ ಮುನ್ನ ಐದು ಪರೀಕ್ಷೆಗಳನ್ನು ಮಾಡಿಸಲಿ; ಊರಿನವರು ತಮ್ಮ ಏರಿನ ಚರಂಡಿಯನ್ನು ಒಮ್ಮೆ ನಡೆದು ನೋಡಿ ಬರಲಿ.